ಊಟಕ್ಕೆ ಮುಂಚಿನ ಸ್ತೋತ್ರ

ಬೆಳಿಗ್ಗೆ ನಳಕ್ಕೆ ನೀರು ಬಂತು. ಡ್ರಮ್ಮು, ಕೊಡ, ಬಕೀಟು ಎಲ್ಲ ತುಂಬಿಟ್ಟೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಇವರ ಅಂಗಿಗಳಿಗೆ ಗುಂಡಿ ಹಚ್ಚಿದೆ. ಶೇಂಗಾ ಹುರಿದು, ಆರಲು ಬಿಟ್ಟು, ಸಿಪ್ಪೆ ಕೇರಿದೆ. ಮಗಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ, ಕೇಳದೆ ಹಾಕಿದ್ದಕ್ಕೆ ಬೈಸಿಕೊಂಡೆ. ಇಷ್ಟೆಲ್ಲ ಮಾಡಿದರೂ ಸಮಾಧಾನವಿರಲಿಲ್ಲ. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಏಳುತ್ತಿದ್ದೆ.

ಕಾರಣ ಚಹಾದ ಹೊತ್ತಿನ ಮಾತು. ಹತ್ತನೇ ತರಗತಿ ಮುಗಿಸಿರುವ ಮಗಳು, ಇವತ್ತಿನಿಂದ ಸಂಜೆ ಪ್ರಾರ್ಥನೆಗೆ ತಾನು ಕೂರುವುದಿಲ್ಲ ಎಂದಳು. ಜಗಳದ ದನಿ ಇರಲಿಲ್ಲ. ಚಹಾಕ್ಕೆ ಸಕ್ಕರೆ ಬೇಡ ಎನ್ನುವ ಹಾಗೆ ಹೇಳಿದಳು. ಇವರು ಕಪ್ಪು ಕೆಳಗಿಟ್ಟು, "ಪ್ರಾರ್ಥನೆಗೆ ಕುಂದ್ರದಿದ್ರ ಊಟಕ್ಕೂ ಕುಂದ್ರಬ್ಯಾಡ" ಎಂದು ಹೇಳಿ ಡ್ಯೂಟಿಗೆ ಹೋದರು.

ಮಧ್ಯಾಹ್ನ ಏನೋ ಹುಡುಕುತ್ತ ಹಿಂದಿನ ಕೋಣೆಯ ಬಾಗಿಲು ತೆಗೆದೆ. ಮೊನ್ನೆ ತಂದಿದ್ದ ಸುಗಂಧಿ ಬಾಳೆಯ ಗೊನೆಯನ್ನು ಗೋಣಿಚೀಲ ಸುತ್ತಿ ಮೂಲೆಯಲ್ಲಿ ಇಟ್ಟಿದ್ದೆ. ಹಣ್ಣಾಗಿತ್ತು. ಆ ವಾಸನೆ ಮುಖಕ್ಕೆ ಬಡಿದದ್ದೇ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟೆ. ಚಿಕ್ಕಂದಿನಿಂದಲೂ ನನಗೆ ಅದು ಚರ್ಚಿನ ವಾಸನೆ. ಸುಗ್ಗಿ ಹಬ್ಬದ ಭಾನುವಾರ ಸಭೆಯವರು ತಮ್ಮ ತಮ್ಮ ಬೆಳೆ ತಂದು ದೇವರಿಗೆ ಒಪ್ಪಿಸುವಾಗ ಕಂಬ ಕಂಬಕ್ಕೂ ಬಾಳೆಗೊನೆ ಕಟ್ಟುತ್ತಿದ್ದರು... ಅಂಥ ಒಂದು ಭಾನುವಾರವೇ ನಮ್ಮ ಸಂಡೇ ಸ್ಕೂಲ್ ಟೀಚರ್ ಆರಾಧನೆಯ ನಡುವೆ ಎದ್ದು ನಿಂತದ್ದು.

ಎಂಬತ್ತರ ದಶಕದ ಕೊನೆಯ ಮಾತು ಇದು. ಟೀಚರ್ ವಾರವೆಲ್ಲ ದೋಣಿಮಲೈಯಲ್ಲಿ ಶಾಲೆ ಕಲಿಸುತ್ತಿದ್ದರು. ಶನಿವಾರ ಬಸ್ಸು ಹಿಡಿದು ಹೊಸಪೇಟೆಗೆ ಬಂದು, ಚಿತ್ತವಾಡ್ಗಿಯ ನಮ್ಮ ಓಣಿಯ ಕೊನೆಗಿದ್ದ ತಾಯಿಯ ಮನೆಯಲ್ಲಿ ಉಳಿಯುತ್ತಿದ್ದರು. ಮದುವೆ ಆಗಿರಲಿಲ್ಲ. ಚಪ್ಪಲಿಗೆ, ಸೀರೆಯ ಅಂಚಿಗೆ ಗಣಿಯ ಕೆಂಪು ಧೂಳು ಮೆತ್ತಿರುತ್ತಿತ್ತು. "ಅರ್ಧ ಗುಡ್ಡ ಸೀರ್ಯಾಗ ಕಟಗೊಂಡು ಬಂದೀಯಲ್ಲೇ, ಹೊರಗ ಝಾಡಿಸು" ಎಂದು ಅವರ ತಾಯಿ ಗದರುವುದು ನಮ್ಮ ಮನೆಯವರೆಗೂ ಕೇಳುತ್ತಿತ್ತು.

ಅವರಿಗೆ ಹಾಡೆಂದರೆ ಪ್ರಾಣ. ದನಿ ಅಷ್ಟೇನೂ ಚೆನ್ನಾಗಿರಲಿಲ್ಲ, ಮೇಲಕ್ಕೆ ಹೋದರೆ ಸೀಳುತ್ತಿತ್ತು. ಆದರೂ ಹಾಡುವಾಗ ಅವರ ಮುಖ ನೋಡಬೇಕು ಅನ್ನಿಸುತ್ತಿತ್ತು. ನಮ್ಮ ತರಗತಿಯಲ್ಲಿ ಹಾಡದ ಮಕ್ಕಳಿಗೆ ಹಾಡು ಎಂದು ಅವರು ಎಂದೂ ಹೇಳಿದವರಲ್ಲ. ಕೈಗೆ ತಾಳ ಕೊಟ್ಟು ಕೂಡಿಸುತ್ತಿದ್ದರು. ತಾಳವನ್ನೂ ಹಾಕದ ಒಬ್ಬನಿದ್ದ. ಅವನಿಗೆ ಬಾಗಿಲಲ್ಲಿ ಎಲ್ಲರ ಚಪ್ಪಲಿ ಕಾಯುವ ಕೆಲಸ. ಅವನು ಒಂದು ವಾರವೂ ತಪ್ಪಿಸುತ್ತಿರಲಿಲ್ಲ.

ನಮ್ಮ ಮನೆಯ ರೀತಿಯೇ ಬೇರೆ. ಅಪ್ಪ ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸ ಮಾಡುತ್ತಿದ್ದರು, ಸಭೆಯ ಹಿರಿಯರಲ್ಲಿ ಒಬ್ಬರು. ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಓಣಿಯವರೆಲ್ಲ ಅದನ್ನೇ ಹೊಗಳುತ್ತಿದ್ದರು. ತಪ್ಪು ಮಾಡಿದವರು ಊಟಕ್ಕೆ ಮುಂಚೆ ಗೋಡೆಯ ಹತ್ತಿರ ನಿಂತು, ದೇವರನ್ನು ಸ್ತುತಿಸುವ ಬೈಬಲ್ಲಿನ ಒಂದು ಕೀರ್ತನೆಯನ್ನು ಬಾಯಿಪಾಠ ಹೇಳಬೇಕು. ಹೇಳಿದ ಮೇಲೆ ತಟ್ಟೆ. ಸುಳ್ಳಾಡಿದರೆ ಸಣ್ಣದು, ಎದುರುತ್ತರ ಕೊಟ್ಟರೆ ಉದ್ದದ್ದು. ನನ್ನ ತಮ್ಮ ತಪ್ಪುಗಳನ್ನು ಅದರಲ್ಲೇ ಅಳೆಯುತ್ತಿದ್ದ. "ಇವತ್ತ ಭಾಳೇನ್ ಮಾಡಿಲ್ಲವ್ವ, ಸಣ್ಣದರಾಗ ಮುಗೀತೈತಿ" ಎಂದು ಅವ್ವನಿಗೆ ಮೊದಲೇ ವರದಿ ಒಪ್ಪಿಸುತ್ತಿದ್ದ.

ಇದರಲ್ಲಿ ತಪ್ಪಿದೆ ಎಂದು ಅಪ್ಪನಿಗೆ ಹೊಳೆಯುವುದಾದರೂ ಹೇಗೆ? ಅವರು ಕಂಪ್ಲಿಯ ಕಡೆ ಕೂಲಿ ಮಾಡುವ ಮನೆಯಲ್ಲಿ ಹುಟ್ಟಿದವರು. ಹುಡುಗರಾಗಿದ್ದಾಗ ಎಮ್ಮೆ ಹೊಡೆದುಕೊಂಡು ಹೋಗುವ ದಾರಿಯಲ್ಲಿ ಒಂದು ಪ್ರಾರ್ಥನೆ ಮನೆ ಇತ್ತಂತೆ. ಎಮ್ಮೆಗಳನ್ನು ಮೇಯಲು ಬಿಟ್ಟು, ಅದರ ಕಿಟಕಿಯ ಹೊರಗೆ ನಿಂತು ಹಾಡು ಕೇಳುತ್ತಿದ್ದರಂತೆ. ಕೇಳುತ್ತ ಕೇಳುತ್ತ ಒಂದು ದಿನ ಹೊರಗಿನಿಂದಲೇ ತಾವೂ ದನಿ ಎತ್ತಿದರು. ಗೌಡರ ಮನೆಯ ಮುಂದೆ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ಹುಡುಗ ಜನರ ಎದುರು ಬಾಯಿ ತುಂಬ ಕೂಗಿದ್ದು ಅದೇ ಮೊದಲು. ಈ ಕಥೆಯನ್ನು ಪ್ರತಿ ಕ್ರಿಸ್‌ಮಸ್ಸಿಗೆ ಹೇಳುತ್ತಿದ್ದರು, ಪ್ರತಿ ಸಲವೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸ್ತೋತ್ರ ಅವರಿಗೆ ಸಿಕ್ಕ ದೊಡ್ಡ ಆಸ್ತಿ. ಅದನ್ನು ಮಕ್ಕಳಿಗೆ ದಕ್ಕಿಸಬೇಕೆಂಬ ಆತುರ. ಚರ್ಚಿನಲ್ಲಿ ಹಾಡುವಾಗಲೂ ಅವರ ಒಂದು ಕಣ್ಣು ಮುಚ್ಚಿರುತ್ತಿತ್ತು, ಇನ್ನೊಂದು ನಮ್ಮ ತುಟಿಗಳ ಮೇಲೆ ಇರುತ್ತಿತ್ತು.

ನಮ್ಮಲ್ಲಿ ಚೆನ್ನಾಗಿ ಹಾಡುವವಳು ಅಕ್ಕ. ಬಟ್ಟೆ ಒಗೆಯುವಾಗ ರೇಡಿಯೋದ ಹಾಡು ಎತ್ತಿಕೊಂಡರೆ ಪಕ್ಕದ ಮನೆಯವರು ತಮ್ಮ ರೇಡಿಯೋ ಸಣ್ಣ ಮಾಡುತ್ತಿದ್ದರು. ಅವಳೇ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೀರ್ತನೆ ಹೇಳಿದವಳೂ ಆಗಿದ್ದಳು, ಎದುರುತ್ತರ ಜಾಸ್ತಿ. ಒಂದು ಭಾನುವಾರ ಚರ್ಚಿಗೆ ಬರುವೆನೆಂದು ಹೇಳಿ, ಗೆಳತಿಯರ ಜೊತೆ ಬಸ್ಸು ಹತ್ತಿ ಹಂಪಿಗೆ ಹೋಗಿಬಿಟ್ಟಳು. ಸಂಜೆ ಬಂದಾಗ ಮುಖವೆಲ್ಲ ಬಿಸಿಲಿಗೆ ಕೆಂಪಾಗಿತ್ತು, ಖುಷಿಯಾಗಿದ್ದಳು. ಅಪ್ಪ ಅತ್ಯಂತ ಉದ್ದದ ಕೀರ್ತನೆ ಹೇಳೆಂದರು. ಅವಳು ಗೋಡೆಯ ಹತ್ತಿರ ನಿಂತಳು. ಬಾಯಿ ತೆರೆಯಲಿಲ್ಲ. ಉಣ್ಣದೆ ಮಲಗಿದಳು. ಮರುದಿನವೂ ಅಷ್ಟೇ. ಆಮೇಲೆ ಅವಳು ಊಟದ ಹೊತ್ತಿಗೆ ತಾನೇ ಹೋಗಿ ಗೋಡೆಯ ಹತ್ತಿರ ನಿಂತು, ಸುಮ್ಮನೆ ನಿಂತು, ಹೋಗಿ ಮಲಗುವುದು ರೂಢಿಯಾಯಿತು. ಅವ್ವ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು... ಗೊತ್ತಿಲ್ಲದವರ ಹಾಗೆ ಇದ್ದರು. ಚರ್ಚಿನಲ್ಲೂ ಅವಳ ತುಟಿ ಅಲ್ಲಾಡುವುದು ನಿಂತಿತು. ಬಟ್ಟೆ ಒಗೆಯುವಾಗಿನ ಹಾಡೂ ನಿಂತಿತು.

ಸುಗ್ಗಿ ಹಬ್ಬ ಹತ್ತಿರ ಬಂತು. ಅವಳು ಸಭೆಯ ಎದುರು ನಿಂತು ಆ ಕೀರ್ತನೆ ಹೇಳಬೇಕೆಂದು ಅಪ್ಪ ತೀರ್ಮಾನಿಸಿದರು. ಎಲ್ಲರ ಮುಂದೆ ನಿಂತಾಗ ಅವಳ ಮನಸ್ಸು ಕರಗುತ್ತದೆ ಎಂದು ನಿಜವಾಗಿ ನಂಬಿದ್ದರು. ಅಕ್ಕ ಅವ್ವನಿಗೆ ಒಂದೇ ಮಾತು ಹೇಳಿದಳು, ಅಲ್ಲಿ ನಿಲ್ಲಿಸಿದರೆ ತಾನು ಮತ್ತೆ ಈ ಮನೆಗೆ ಬರುವುದಿಲ್ಲ ಎಂದು. ಅವ್ವ ಓಡಿದ್ದು ಬಸ್ ಸ್ಟ್ಯಾಂಡಿಗೆ, ದೋಣಿಮಲೈ ಬಸ್ಸಿನವರ ಕೈಲಿ ಟೀಚರಿಗೆ ಹೇಳಿಕಳಿಸಲು.

ಹಬ್ಬದ ಹಿಂದಿನ ಸಂಜೆ, ಬಸ್ಸಿನಿಂದ ಇಳಿದವರೇ ಟೀಚರ್ ನಮ್ಮ ಮನೆಗೆ ಬಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಅಪ್ಪ ಕುರ್ಚಿ ಕೊಟ್ಟರೂ ಅವರು ಚಾಪೆಯ ಮೇಲೆ ಕೂತರು.

"ಮಕ್ಕಳು ಹಿಂಗ್ಯಾಕ ತಿರುಗಿ ಬೀಳ್ತಾವ್ರೀ ಟೀಚರ್?" ಎಂದು ಅಪ್ಪನೇ ಶುರು ಮಾಡಿದರು. "ನಾ ಒಂದಿನ ಹೊಡದಿಲ್ಲ, ಬಡದಿಲ್ಲ. ಸೈತಾನನ ಕೆಲಸ ಅಲ್ಲದ ಮತ್ತೇನ್ರಿ ಇದು?"

"ಸೈತಾನಗ ಚಿತ್ತವಾಡ್ಗಿ ಒಳಗ ಅಷ್ಟು ಪುರುಸೊತ್ತಿಲ್ಲ ಬಿಡ್ರಿ ಅಣ್ಣಾ" ಎಂದು ಟೀಚರ್ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೀವು ಹೊಡದಿದ್ರ ಆಕಿ ನಿಮ್ಮ ಮ್ಯಾಲೆ ಸಿಟ್ಟಾಗ್ತಿದ್ಲು. ಈಗ ದೇವರ ಮ್ಯಾಲೆ ಸಿಟ್ಟಾಗ್ಯಾಳ" ಎಂದರು.

ಮಕ್ಕಳನ್ನು ಕೆಣಕಿ ಕಹಿ ಮಾಡಬಾರದೆಂದು ಬೈಬಲ್ಲಿನಲ್ಲಿ ತಂದೆಯರಿಗೇ ಹೇಳಿರುವುದನ್ನು ಟೀಚರ್ ಮೆಲ್ಲಗೆ ನೆನಪು ಮಾಡಿದರು. ಹಾಗಾದರೆ ಸ್ತೋತ್ರ ಹೇಳುವುದು ಕರ್ತವ್ಯ ಅಲ್ಲವೇ ಎಂದು ಅಪ್ಪ ಕೇಳಿದರು. ಹೌದು ಎಂದರು ಟೀಚರ್. ಮನಸ್ಸಿಲ್ಲದ ದಿನವೂ ತಾನು ಹಾಡುತ್ತೇನೆ, ಅದು ತಾನೇ ಕೊಡುವ ಕಾಣಿಕೆ, ಇನ್ನೊಬ್ಬರ ಕೈ ಹಿಡಿದು ಕಾಣಿಕೆ ಹಾಕಿಸಿದರೆ ಅದು ಅವರದ್ದಾಗುವುದು ಹೇಗೆ ಎಂದರು. ಅಪ್ಪ ಒಪ್ಪಲಿಲ್ಲ. ಕೊನೆಗೆ ಎದ್ದು ಹೊರಟಾಗ ಟೀಚರ್ ಬಾಗಿಲಲ್ಲಿ ನಿಂತು ಕೇಳಿದರು: "ಅಣ್ಣಾ, ಕಂಪ್ಲಿಯೊಳಗ ನಿಮಗ ಹಾಡು ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

"ಆಕಿಗೂ ಸ್ವಲ್ಪ ದಿನ ಕಿಟಕಿ ಹೊರಗ ನಿಂದ್ರಾಕ ಬಿಡ್ರಿ."

ಅವರು ಹೋದ ಮೇಲೆ ಅಪ್ಪ ಹಿತ್ತಲಲ್ಲಿ ಬಹಳ ಹೊತ್ತು ಅಡ್ಡಾಡಿದರು. ಮನಸ್ಸು ಬದಲಾಯಿತು ಎಂದುಕೊಂಡೆ. ಆಗಿರಲಿಲ್ಲ.

ಮರುದಿನ ಚರ್ಚಿನ ತುಂಬ ಕಬ್ಬು, ಭತ್ತದ ತೆನೆ, ಕುಂಬಳಕಾಯಿ. ಕಾಲು ಕಟ್ಟಿದ ಕೋಳಿಗಳು ಪ್ರಾರ್ಥನೆಯ ನಡುವೆ ಕೊಕ್ಕೊಕ್ಕೊ ಎನ್ನುತ್ತಿದ್ದವು. ಆ ವರ್ಷ ಕಾಲುವೆಯಲ್ಲಿ ಕೊನೆಯವರೆಗೂ ನೀರು ಹರಿದಿತ್ತು. ಬಾಳೆಗೊನೆ ಕಟ್ಟಲು ಕಂಬಗಳು ಸಾಲದೆ ಕಿಟಕಿಯ ಸರಳಿಗೂ ಕಟ್ಟಿದ್ದರು. ಕಾಣಿಕೆಯ ಹಾಡು ಮುಗಿದ ಮೇಲೆ ಅಪ್ಪ ಮುಂದೆ ಬಂದು, ತಮ್ಮ ದೊಡ್ಡ ಮಗಳು ಕೀರ್ತನೆ ಹೇಳುತ್ತಾಳೆ ಎಂದರು. "ಬಾರವ್ವ" ಎಂದು ಕರೆದರು.

ಅಕ್ಕ ಎದ್ದು ಹೋಗಿ ನಿಂತಳು. ತುಟಿ ಬಿಗಿದಿತ್ತು. ಸಭೆ ಕಾಯಿತು. ಹೇಳು ಎಂದು ಅಪ್ಪ ಇನ್ನೊಮ್ಮೆ ಅಂದರು, ಆ ದನಿಯಲ್ಲಿ ಅಪ್ಪಣೆಗಿಂತ ಬೇಡಿಕೆಯೇ ಹೆಚ್ಚಿತ್ತು, ಅದು ಇನ್ನೂ ಕಷ್ಟ... ಅಕ್ಕನ ಕುತ್ತಿಗೆಯ ನರ ಎದ್ದದ್ದು ನಾನು ಕೂತಲ್ಲಿಗೆ ಕಾಣುತ್ತಿತ್ತು. ಆಗ ಮಕ್ಕಳ ಚಾಪೆಯಿಂದ ಟೀಚರ್ ಎದ್ದರು. ಮುಂದೆ ಹೋಗಿ ಅಕ್ಕನ ಕೈ ಹಿಡಿದರು. "ನಡಿ, ಹೊರಗ ಕುಂದ್ರೋಣು" ಎಂದರು. ಅಪ್ಪನ ಕಡೆ ತಿರುಗಿ, "ನೀವು ಹಾಡ್ರಿ ಅಣ್ಣಾ. ನಾವು ಹೊರಗಿಂದ ಕೇಳ್ತೀವಿ" ಎಂದು ಹೇಳಿ, ಕೋಳಿಗಳನ್ನು ದಾಟಿಕೊಂಡು ಅವಳನ್ನು ಕರೆದುಕೊಂಡು ಹೋದರು. ಅಪ್ಪ ಹಾಡು ಎತ್ತಿದರು. ಎರಡನೆಯ ಸಾಲಿಗೆ ದನಿ ಹೋಯಿತು. ಉಳಿದದ್ದನ್ನು ಸಭೆ ಹಾಡಿತು.

ಅಕ್ಕ ಮನೆಗೆ ಬಂದಳು. ಆ ಸಂಜೆ ತಮ್ಮ ಲಾಟೀನಿನ ಗಾಜು ಒಡೆದು, ತಾನಾಗಿಯೇ ಗೋಡೆಯ ಹತ್ತಿರ ಹೋಗಿ ನಿಂತ. "ಉಣ್ಣು ಹೋಗು" ಎಂದರು ಅಪ್ಪ. ತಮ್ಮ ಗಾಬರಿಯಾಗಿ ಅಡುಗೆಮನೆಗೆ ಬಂದು, "ಅಪ್ಪಗ ಜ್ವರ ಬಂದಾವೇನವ್ವ?" ಎಂದು ಕೇಳಿದ. ಅದಾದ ಮೇಲೆ ಆ ಗೋಡೆಯ ಹತ್ತಿರ ಯಾರೂ ನಿಲ್ಲಲಿಲ್ಲ.

ಆದರೆ ಆರಾಧನೆಯ ನಡುವೆ ಎದ್ದು ಹೋದವರು ಮಕ್ಕಳಿಗೆ ಕಲಿಸುವುದು ಬೇಡವೆಂದು ಹಿರಿಯರು ಸೇರಿ ಮಾತಾಡಿಕೊಂಡರು. ಆ ಕೂಟದಲ್ಲಿ ಅಪ್ಪನೂ ಇದ್ದರು, ಬೇಕು ಎನ್ನಲಿಲ್ಲ, ಬೇಡವೆನ್ನಲಿಲ್ಲ. ನಮ್ಮ ತರಗತಿಯನ್ನು ಬೇರೆಯವರಿಗೆ ಕೊಟ್ಟರು. ಟೀಚರ್ ಆಮೇಲೂ ಪ್ರತಿ ಭಾನುವಾರ ಬರುತ್ತಿದ್ದರು. ಚರ್ಚಿನ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಅಕ್ಕನ ಜೊತೆ ಕೂರುತ್ತಿದ್ದರು. ಇಬ್ಬರೂ ಶೇಂಗಾ ತಿನ್ನುತ್ತ ಏನೇನೋ ಮಾತಾಡಿ ನಗುವುದು ಕಿಟಕಿಯಿಂದ ಕಾಣುತ್ತಿತ್ತು. ಒಳಗೆ ಹಾಡು ಶುರುವಾದರೆ ಟೀಚರ್ ಮಾತು ನಿಲ್ಲಿಸಿ ತಲೆ ತಗ್ಗಿಸುತ್ತಿದ್ದರು. ಒಳಗೆ ಬರಬೇಕು ಅನ್ನಿಸುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಅನಸ್ತೈತಿ. ಭಾಳ ಅನಸ್ತೈತಿ" ಎಂದರು.

ಅಕ್ಕ ಪಿಯುಸಿ ಮುಗಿಸಿ ನರ್ಸಿಂಗ್ ಕಲಿಯಲು ಬೇರೆ ಊರಿಗೆ ಹೋಗುವವರೆಗೂ ಅದು ಹಾಗೇ ನಡೆಯಿತು. ಅವಳು ಹೋದ ಮೇಲೆ ಟೀಚರ್ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ತರಗತಿ ಅವರಿಗೆ ಮರಳಿ ಸಿಗಲೇ ಇಲ್ಲ.

ಇದರಿಂದ ಆದದ್ದೇನು? ಅಕ್ಕ ಮತ್ತೆ ಚರ್ಚಿಗೆ ಬಂದವಳಲ್ಲ. ರಜೆಗೆ ಮನೆಗೆ ಬಂದಳು, ಅಪ್ಪನ ಜೊತೆ ಕೂತು ಉಂಡಳು, ಅವರ ಬಿಪಿ ನೋಡಿದಳು, ಬೈದಳು. ಟೀಚರ್ ಅವಳನ್ನು ಉಳಿಸಿದರೋ, ದೂರ ಹೋಗಲು ದಾರಿ ಮಾಡಿಕೊಟ್ಟರೋ ಎಂದು ಸಭೆಯವರು ಆಡಿಕೊಳ್ಳುತ್ತಿದ್ದರು. ನನಗೂ ಇವತ್ತಿಗೂ ಗಟ್ಟಿಯಾಗಿ ಹೇಳಲಾಗದು...

ಟೀಚರ್ ನಿವೃತ್ತರಾಗಿ ಹೆಚ್ಚು ಕಾಲ ಬದುಕಲಿಲ್ಲ. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. ಅವರನ್ನು ಮಣ್ಣು ಮಾಡುವ ದಿನ ಅಕ್ಕ ರಾತ್ರಿ ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು. ಗುಂಡಿಯ ಒಂದು ಪಕ್ಕ ಅವಳು, ಎದುರು ಪಕ್ಕ ಕೋಲು ಹಿಡಿದ ಅಪ್ಪ. ಹಾಡು ಶುರುವಾಯಿತು. ನಾನು ಅಪ್ಪನನ್ನೇ ನೋಡುತ್ತಿದ್ದೆ. ಅವರು ಎರಡೂ ಕಣ್ಣು ಮುಚ್ಚಿದರು, ಬಿಗಿಯಾಗಿ ಮುಚ್ಚಿದರು, ಹಾಡು ಮುಗಿಯುವವರೆಗೆ ತೆರೆಯಲೇ ಇಲ್ಲ. ಅಕ್ಕ ಹಾಡಿದಳೋ ಇಲ್ಲವೋ, ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಈಗ ಅಪ್ಪನೂ ಇಲ್ಲ. ಟೀಚರ್ ಇದ್ದಿದ್ದರೆ ಇವತ್ತು ಸಂಜೆ ಓಡಿಹೋಗಿ ಕೇಳಬಹುದಿತ್ತು. ಕೇಳಲು ಯಾರೂ ಇಲ್ಲದ ವಯಸ್ಸಿಗೆ ನಾನು ಬಂದಿದ್ದೇನೆ.

ಇವರು ಡ್ಯೂಟಿಯಿಂದ ಬಂದು ಕೈಕಾಲು ತೊಳೆದು ಪ್ರಾರ್ಥನೆಯ ಚಾಪೆ ಹಾಸಿದರು. ಅದೇ ಚಾಪೆಯ ಮೇಲೆ ನಾನು ಮೂರು ತಟ್ಟೆ ಇಟ್ಟೆ. "ಪ್ರಾರ್ಥನೆ?" ಎಂದರು. "ಉಂಡು ಮಾಡೋಣ್ರಿ" ಎಂದೆ. ಇವರು ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಕೂತರು. ಮಗಳನ್ನು ಊಟಕ್ಕೆ ಕರೆದೆ. ಅವಳು ಅನುಮಾನದಿಂದಲೇ ಬಂದು ಕೂತು, ಏನೂ ಕೇಳದೆ ರೊಟ್ಟಿ ಮುರಿದಳು. ಉಂಡು ಕೈ ತೊಳೆದು ಹೊರಗಿನ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಳು. ನಾವಿಬ್ಬರೇ ಹಾಡಿದೆವು. ನಡುವೆ ಎಲ್ಲೋ ಹೊರಗಿನ ಫೋನಿನ ಸದ್ದು ನಿಂತಿತು. ಕೇಳುತ್ತಿದ್ದಳೋ, ಬ್ಯಾಟರಿ ಮುಗಿದಿತ್ತೋ. ಎದ್ದು ನೋಡಬೇಕು ಅನ್ನಿಸಿತು, ನೋಡಲಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಮಗಳು ಮೂರು ರೊಟ್ಟಿ ತಿಂದಳು. ಮೊದಲು ಮಲಗಿದವಳೂ ಅವಳೇ.