ಬಾಡಿಗೆ ಕೊಟ್ಟರೆ ಜೋಕೆ!

ರೇಷ್ಮೆ ಸೀರೆ ಕೊಂಡ ದಿನ ಊರಿಗೆಲ್ಲ ತೋರಿಸಿಕೊಂಡು ಬರುವ ಹೆಂಗಸರಿದ್ದಾರೆ. ನಾನು ವಿಮೆ ಪಾಲಿಸಿ ಕೊಂಡ ದಿನ ಹಾಗೆ ಮಾಡಿದೆ. ನಗಬೇಡಿ. ತಿ. ನರಸೀಪುರದ ನಮ್ಮ ಬೀದಿಯಲ್ಲಿ ಹೂ ಮಾರುವವಳಿಂದ ಹಿಡಿದು ಎದುರು ಮನೆಯ ಪುರೋಹಿತರವರೆಗೆ ಎಲ್ಲರನ್ನೂ ನಿಲ್ಲಿಸಿ, "ನಮ್ಮ ಮನೆ ಬಾಡಿಗೆ ನಿಂತೋದ್ರೆ ಕಂಪನಿಯೋರೇ ಕೊಡ್ತಾರಂತೆ ಕಣ್ರೀ!" ಎಂದು ಸಾರಿದೆ. ಆ ಸಂತೋಷಕ್ಕೆ ಹೂವಿನವಳು ಒಂದು ಮೊಳ ಹೆಚ್ಚು ಕೊಡಬಹುದೆಂದುಕೊಂಡೆ, ಕೊಡಲಿಲ್ಲ.

ನನ್ನ ಸಂಭ್ರಮಕ್ಕೆ ಕಾರಣವಿತ್ತು. ನಮ್ಮ ಯಜಮಾನರದು ಸಣ್ಣ ಖಾಸಗಿ ಶಾಲೆಯ ಮೇಷ್ಟ್ರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಪಿಂಚಣಿ ಇಲ್ಲ. ನಂಜನಗೂಡಿನಲ್ಲಿ ಕಪಿಲೆಗೆ ಹತ್ತಿರ ನಮ್ಮದೊಂದು ಪುಟ್ಟ ಮನೆಯಿದೆ. ಅದರ ಬಾಡಿಗೆಯಿಂದಲೇ ನಮ್ಮ ಒಲೆ ಉರಿಯುವುದು. ಅದು ನಿಂತರೆ ಮೊದಲು ನಿಲ್ಲುವುದು ನನ್ನ ಕಾಫಿ. ಕಾಫಿಯಿಲ್ಲದೆ ನಾನು ಏನಾಗುತ್ತೇನೆಂಬುದನ್ನು ಯಜಮಾನರನ್ನೇ ಕೇಳಿ.

ಹಾಗೆ ನೋಡಿದರೆ ನಮ್ಮವರಿಗೆ ವಿಮೆ ಹೊಸದೇನಲ್ಲ. ನಂಜುಂಡೇಶ್ವರನಿಗೆ ಹರಕೆ ಹೊರುವುದೂ ಒಂದು ಬಗೆಯ ವಿಮೆಯೇ. ಆದರೆ ಹರಕೆಯಲ್ಲಿ ಕಷ್ಟ ಕಳೆದ ಮೇಲೆ ಮುಡಿ ಕೊಡುತ್ತೇವೆ, ವಿಮೆಯಲ್ಲಿ ಕಷ್ಟ ಬರುವ ಮೊದಲೇ ತಲೆ ಬೋಳಾಗುತ್ತದೆ ಎಂದು ಯಜಮಾನರ ಅಭಿಪ್ರಾಯ. ಅವರ ತಲೆಯಲ್ಲಿ ಕೊಡಲು ಏನೂ ಉಳಿದಿಲ್ಲವಾದ್ದರಿಂದ ನಾನು ಅದಕ್ಕೆ ಕಿವಿಗೊಡಲಿಲ್ಲ.

ಪಾಲಿಸಿಯ ಬಿಸಿ ಆರುವ ಮೊದಲೇ ಇದ್ದ ಬಾಡಿಗೆಯವರು ಮನೆ ಖಾಲಿ ಮಾಡಿದರು. ಹಿಂದೆಯೇ ಆಷಾಢ ಹುಟ್ಟಿತು. ಆಷಾಢದಲ್ಲಿ ನಮ್ಮ ಕಡೆ ಹೊಸ ಮನೆಗೆ ಯಾರು ಕಾಲಿಡುತ್ತಾರೆ? ಪುಕ್ಕಟೆ ಕೊಟ್ಟರೂ ಬರುವುದಿಲ್ಲ. ಬೇರೆಯವರಾಗಿದ್ದರೆ ಪೆಚ್ಚಾಗುತ್ತಿದ್ದರು, ನಾನು ಕುಣಿದೆ. ಬಾಡಿಗೆ ನಿಂತಿತಲ್ಲ! ತಕ್ಷಣ ನಮ್ಮ ವಿಮೆ ಏಜೆಂಟ್, ಚಿಕ್ಕಯ್ಯನಛತ್ರದ ಮಾದಪ್ಪನಿಗೆ ಫೋನು ಮಾಡಿ, "ಮಾದಪ್ಪ, ಈ ತಿಂಗಳ ಬಾಡಿಗೆ ಕಳಿಸ್ಬುಡು" ಎಂದೆ.

ಅವನು, "ಅಮ್ಮಾವ್ರೇ, ಆಷಾಡಕ್ಕೆಲ್ಲ ವಿಮೆ ಬರಾಕಿಲ್ಲ. ಬೆಂಕಿನೋ ನೆರೆನೋ ಬಂದು ಮನೇಲಿ ಇರಾಕಾಗ್ದಂಗೆ ಆಗ್ಬೇಕು. ಆಗ ರಿಪೇರಿ ಮುಗಿಯೋಗಂಟ, ಪಾಲಿಸೀಲಿ ಒಪ್ಪಿರೋಷ್ಟು ತಿಂಗ್ಳು, ನಿಂತೋದ ಬಾಡಿಗೆ ಕೊಡ್ತಾರೆ. ಸುಮ್ಕೆ ಖಾಲಿ ಬಿದ್ರೆ ಇಲ್ಲ, ಬಾಡಿಗೆಯೋರು ದುಡ್ಡು ಕೊಡ್ದೆ ಕೈ ಎತ್ತುದ್ರೂ ಇಲ್ಲ" ಎಂದ.

ವಿಮೆ ಕಂಪನಿಯವರು ಪಂಚಾಂಗ ನೋಡುವುದಿಲ್ಲವೆಂದು ನನಗೆ ಅಂದು ತಿಳಿಯಿತು. ಯಜಮಾನರು ಪೇಪರಿನ ಮರೆಯಲ್ಲಿ ಕೂತಿದ್ದರು. ಪೇಪರು ಅಲುಗುತ್ತಿತ್ತು.

ಶ್ರಾವಣ ಬಂದದ್ದೇ ಹೆಮ್ಮರಗಾಲದ ಭಾಗ್ಯ ಮನೆ ನೋಡಲು ಬಂದಳು. ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಜೊತೆಗೆ ಅವಳ ತಾಯಿ. ಮನೆ ತೋರಿಸಿ ಮುಗಿಸಿದರೂ ಭಾಗ್ಯ ಬಾಗಿಲಲ್ಲೇ ನಿಂತು, "ಯಾವ ಜನ ಅಂತ ಕೇಳಲ್ವಾ ಅಮ್ಮ?" ಎಂದಳು. ಪಾಪ, ಬೀದಿ ಬೀದಿ ಅಲೆದು ಬಂದಿದ್ದಳು. ಎಲ್ಲ ಕಡೆ ಮೊದಲು ಅದೇ ಪ್ರಶ್ನೆ, ಆಮೇಲೆ "ಮನೆ ಬೇರೆಯೋರಿಗೆ ಮಾತಾಗಿದೆ" ಎಂಬ ಉತ್ತರ. ನಾನು ಕೇಳಲಿಲ್ಲ. ಅದೇನು ನನ್ನ ದೊಡ್ಡ ಗುಣವಲ್ಲ. ಖಾಲಿ ಮನೆಯ ಗಾಬರಿಯಲ್ಲಿ ಅಡ್ವಾನ್ಸ್ ಕೇಳುವುದನ್ನೇ ಮರೆತಿದ್ದೆ. ಅವಳು ಗೋಡೆಗೆ ಬುದ್ಧನ ಪಟ ತೂಗುಹಾಕಿ, ಹಾಲುಕ್ಕಿಸಿ, ನನಗೂ ಒಂದು ಲೋಟ ಕೊಟ್ಟಳು.

ಆ ಹಾಲಿನ ಉಕ್ಕು ಕಪಿಲೆಗೂ ತಗುಲಿತೋ ಏನೋ. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ಬೀದಿಗೆ ಬಂತು, ಬೀದಿಯಿಂದ ನಮ್ಮ ನಡುಮನೆಗೆ ಬಂತು. ತಾಯಿ ಮಗಳು ಸಿಕ್ಕಷ್ಟು ಸಾಮಾನು ಎತ್ತಿಕೊಂಡು ನೆಂಟರ ಮನೆ ಸೇರಿದರು. ನೀರಿಳಿದ ಮೇಲೆ ನೋಡಿದರೆ ಗಾರೆ ಉದುರಿ, ನೆಲ ಕುಸಿದು, ಮನೆ ಮನೆಯಾಗಿರಲಿಲ್ಲ. ಆದರೆ, ನಿಜ ಹೇಳಿಬಿಡುತ್ತೇನೆ, ಆ ಸಂಕಟದ ನಡುವೆಯೂ ಮೈ ಜುಮ್ಮೆಂದಿತು. ಈ ಸಲದ ನಷ್ಟ ಪಾಲಿಸಿ ಒಪ್ಪುವಂಥ ನಷ್ಟ! ಮಾದಪ್ಪ ಫೋಟೊ ತೆಗೆದ, ನಷ್ಟ ಅಳೆಯಲು ಕಂಪನಿಯ ಸರ್ವೇಯರ್ ಬಂದು ಗೋಡೆ ಗುದ್ದಿ ನೋಡಿದ. ಎಲ್ಲ ಸಲೀಸಾಗಿ ನಡೆಯಿತು.

ತಿಂಗಳು ಹುಟ್ಟಿದ ದಿನ ಭಾಗ್ಯ ಬಸ್ಸು ಹತ್ತಿ ನರಸೀಪುರದ ನಮ್ಮ ಮನೆಗೇ ಬಂದಳು. ಕೈಯಲ್ಲಿ ಬಾಡಿಗೆ!

"ಇರೋದಕ್ಕೇ ಆಗದ ಮನೆಗೆ ಯಾಕಮ್ಮ ಬಾಡಿಗೆ?" ಎಂದೆ.

"ತಕ್ಕಳಿ ಅಮ್ಮ. ನಾನು ಹಾಲುಕ್ಸಿರೋ ಮನೆ ಅದು."

ಅವಳು ದುಡ್ಡನ್ನು ಮೇಜಿನ ಮೇಲಿಟ್ಟಳು. ನಾನು ಅವಳ ಬ್ಯಾಗಿಗೆ ತುರುಕಿದೆ. ಅವಳು ಮತ್ತೆ ತೆಗೆದಿಟ್ಟಳು. ಬಾಡಿಗೆ ಬರುತ್ತಲೇ ಇದ್ದರೆ ನಷ್ಟವೆಲ್ಲಿ, ಕಂಪನಿಯವರು ಯಾಕೆ ಕೊಡಬೇಕು ಎಂದು ಮಾದಪ್ಪ ಮೊದಲೇ ಹೇಳಿದ್ದ. ಒಂದು ಕೈಯಲ್ಲಿ ಅವಳ ದುಡ್ಡು ಹಿಡಿದು ಇನ್ನೊಂದನ್ನು ಅವರ ಮುಂದೆ ಚಾಚುವುದು ನನ್ನಿಂದಾಗದು. ಕೊನೆಗೆ ರೇಗಿಹೋಗಿ, ಬೀದಿಗೆಲ್ಲ ಕೇಳುವಂತೆ, "ಇನ್ನೊಂದ್ಸಲ ಬಾಡಿಗೆ ಕೊಟ್ರೆ ಮನೆ ಬಿಡಿಸ್ಬುಡ್ತೀನಿ, ಜೋಕೆ!" ಎಂದು ಕೂಗಿದೆ. ಮನೆ ಒಡತಿಯೊಬ್ಬಳು ಹೀಗೆ ಗದರಿದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ?

ಭಾಗ್ಯ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. "ಬಾಡಿಗೆ ಕೊಡ್ದಿದ್ರೆ, ರಿಪೇರಿ ಆದ್ಮೇಲೆ ಬ್ಯಾರೆಯೋರಿಗೆ ಕೊಟ್ಬುಡ್ತೀರೇನೋ ಅಂತ ಭಯ ಅಮ್ಮ. ಮತ್ತೆ ಆ ಬೀದಿಗಳ್ನೆಲ್ಲ ಅಲೀಬೇಕಲ್ಲ."

ನನ್ನ ಕಾಫಿಗೆ ಪಾಲಿಸಿ ಇತ್ತು. ಅವಳ ಸೂರಿಗೆ ಯಾವ ಕಂಪನಿಯ ಪಾಲಿಸಿಯೂ ಇರಲಿಲ್ಲ. ಯಜಮಾನರು ಪೇಪರು ಮಡಿಚಿಟ್ಟು ಒಳಗೆ ಹೋದರು. ರಿಪೇರಿಗೆಂದು ನಾವು ವಾಪಸು ಪಡೆದಿದ್ದ ನಂಜನಗೂಡಿನ ಮನೆಯ ಬೀಗದ ಕೈ ತಂದು ಅವಳ ಕೈಗಿಟ್ಟು, "ಇದು ನಿನ್ನತ್ರನೇ ಇರ್ಲಿ ಕಣಮ್ಮ. ಗಾರೆ ಕೆಲಸದೋರಿಗೆ ನೀನೇ ಬಾಗ್ಲು ತೆಗಿ" ಎಂದರು.

ಕಂಪನಿಯ ಬಾಡಿಗೆ ಬಂತು. ಕಾಫಿ ನಿಲ್ಲಲಿಲ್ಲ. ಗೋಡೆ ಒಣಗಿ ಸುಣ್ಣ ಕಂಡಿತು, ಬುದ್ಧ ತನ್ನ ಮೊಳೆಗೆ ವಾಪಸಾದ. ಭಾಗ್ಯ ಎರಡನೇ ಸಲ ಹಾಲುಕ್ಕಿಸಿದಳು. "ಈ ಸಲ ಹದವಾಗಿ ಉಕ್ಕಿಸು ಕಣೇ, ಹೊಳೆ ನೋಡ್ಕಂಡೀತು" ಎಂದೆ.

ಮುಂದಿನ ತಿಂಗಳು ನಮ್ಮ ಮನೆ ಬಾಗಿಲಲ್ಲಿ ಬಾಡಿಗೆ ಹಿಡಿದು ನಿಂತು, ಅರ್ಧ ಹೆದರಿ ಅರ್ಧ ನಕ್ಕು, "ಈಗ್ಲಾದ್ರೂ ತಕ್ಕತೀರಾ ಅಮ್ಮ?" ಎಂದಳು.

ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಒಳಗೆ ಕರೆದು ಕೂರಿಸಿ ಡಿಕಾಕ್ಷನ್ ಇಳಿಸಿದೆ. ಕಂಪನಿ ಕೊಟ್ಟ ಬಾಡಿಗೆ ತಾನಾಗಿ ಬ್ಯಾಂಕಿಗೆ ಬಂದು ಬೀಳುತ್ತಿತ್ತು, ಅದನ್ನು ನಾನು ಮರೆಯುವುದಿಲ್ಲ. ಆದರೆ ಅದಕ್ಕೊಂದು ಲೋಟ ಕಾಫಿ ಕೊಡೋಣವೆಂದರೆ ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ.