ಲಗ್ನಪತ್ರಿಕೆ ಸೇರಿದ ಪ್ರಾರ್ಥನೆ

ಪುಣೆಯ ಸಣ್ಣ ಮುದ್ರಣಾಲಯದ ಸಂಜೆ ಬಿಸಿಲಲ್ಲಿ ನನ್ನ ಕಾದಂಬರಿಯ ಪುಟವೊಂದು ಕಣ್ಣೆದುರೇ ಕರಗುತ್ತಿತ್ತು. ಎಂಬತ್ತರ ದಶಕವದು, ಅಲ್ಲಿದ್ದ ಕನ್ನಡದ ಅಚ್ಚುಮೊಳೆಗಳು ಎಂಟು ಪುಟಕ್ಕಷ್ಟೇ ಸಾಲುತ್ತಿದ್ದವು. ಅಷ್ಟು ಅಚ್ಚಾದೊಡನೆ ಬಿಚ್ಚಿ, ಅವೇ ಅಕ್ಷರಗಳಿಂದ ಮುಂದಿನ ಪುಟ ಜೋಡಿಸಬೇಕು. ಆ ದಿನ ಮೊಳೆ ಜೋಡಿಸುವ ಶರಣಪ್ಪನವರು ಬಿಚ್ಚುತ್ತಿದ್ದದ್ದು ನನ್ನ ನಾಯಕಿ ಸಲೋಮಿ ಯೇಸುವಿಗೆ ಮೊರೆಯಿಡುವ ಪುಟ. ‘ಪ್ರಾರ್ಥನೆ ಜಾಸ್ತಿಯಾಯಿತು’ ಎಂದು ಇಬ್ಬರು ಪ್ರಕಾಶಕರು ಹಸ್ತಪ್ರತಿ ಹಿಂದಿರುಗಿಸಿದ್ದು ಇದಕ್ಕೇ. ಶರಣಪ್ಪನವರು ಮಾತ್ರ ಆ ಮೊಳೆಗಳನ್ನು ಆಯಾ ಅಕ್ಷರದ ಖಾನೆಗಳಿಗೆ ಮರಳಿ ಹಾಕದೆ, ಒರೆಸಿ ಬೇರೆ ಬಟ್ಟಲಲ್ಲಿ ಇಡುತ್ತಿದ್ದರು. ಯಾಕೆಂದು ಕೇಳಿದೆ.

“ನಾಳೆ ನನ್ನ ಮಗಳ ಲಗ್ನಪತ್ರಿಕಾ ಜೋಡಸ್ತೀನ್ರಿ, ಅಕ್ಕಾರ. ಪ್ರಾರ್ಥನಿ ಮಾಡಿದ ಅಕ್ಷರ ಇವು, ಇವನ್ನ ಹಚ್ಚತೀನಿ.”

ಕಾದಂಬರಿಯ ಪ್ರತಿಗಳು ಹೆಚ್ಚು ಹೋಗಲಿಲ್ಲ. ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂದು ಶುರುವಾಗುವ ಆ ಲಗ್ನಪತ್ರಿಕೆ ಮಾತ್ರ ಇಂದಿಗೂ ನನ್ನ ಬೈಬಲ್‌ನೊಳಗಿದೆ.