ಗರಿ ಕಳೆದುಕೊಂಡ ಹುಂಜ

ಮೊನ್ನೆ ಸೋಮವಾರ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಗ ನಮ್ಮ ಹುಂಜದ ಕುತ್ತಿಗೆಯಲ್ಲಿ ಒಂದಷ್ಟು ಗರಿಗಳು ಕಡಿಮೆಯಾಗಿರುವುದು ಕಣ್ಣಿಗೆ ಬಿತ್ತು. ಲೋಕದಲ್ಲಿ ಇದಕ್ಕಿಂತ ಕ್ಷುಲ್ಲಕವಾದ ವಿಷಯ ಇನ್ನೊಂದು ಇರಲಾರದು ಎಂದು ನೀವು ಹೇಳಬಹುದು. ಹುಂಜವೆಂದ ಮೇಲೆ ಜಗಳ, ಜಗಳವೆಂದ ಮೇಲೆ ಗರಿ ಉದುರುವುದು ಪ್ರಕೃತಿನಿಯಮವೇ ಸರಿ. ಆದರೆ ನಮ್ಮದು ಬೀದಿಗಿಳಿದು ಹೊಡೆದಾಡುವ ಹುಂಜವಲ್ಲ. ನನ್ನಂತೆಯೇ ಕಾಂಪೌಂಡಿನೊಳಗೆ ನಿಂತು ಕೂಗುವುದರಲ್ಲಿ ಮಾತ್ರ ಶೂರ. ಅದರ ಗರಿ ಕೀಳುವ ಅಧಿಕಾರ ಇಡೀ ರಾಯದುರ್ಗದಲ್ಲಿ ಒಬ್ಬನೇ ಒಬ್ಬನಿಗೆ ಇದೆ. ಹಾಗಾಗಿ ಬಾಯಲ್ಲಿ ಪೇಸ್ಟಿನ ನೊರೆ ಇದ್ದಂತೆಯೇ ನನಗೆ ಕೆಂಡದಂಥ ಸಿಟ್ಟು ಬಂತು.

ಆ ಒಬ್ಬನೆಂದರೆ ನನ್ನ ಗೆಳೆಯ ತಿಪ್ಪೇಸ್ವಾಮಿ, ಊರವರ ಬಾಯಲ್ಲಿ ಮಿಲ್ಟ್ರಿ ತಿಪ್ಪೇಸ್ವಾಮಿ. ಎದುರಿಗೆ ನಾವಿಬ್ಬರೂ ಬಹುವಚನದಲ್ಲೇ ಗೌರವಿಸಿಕೊಳ್ಳುತ್ತೇವೆ. ಇಲ್ಲಿಯ ಏಕವಚನ ನನ್ನ ಕೋಪದ್ದು. ಸೈನ್ಯದಲ್ಲಿದ್ದಾಗ ಹಿಮಾಚಲದ ಯಾವುದೋ ಕೊರೆಯುವ ಹೊಳೆಯ ದಂಡೆಯಲ್ಲಿ ಮೇಲಧಿಕಾರಿಯೊಬ್ಬರು ಇವನಿಗೊಂದು ವಿಚಿತ್ರ ವಿದ್ಯೆಯನ್ನು ಧಾರೆಯೆರೆದರು. ಎರೆಹುಳವಿಲ್ಲ, ಹಿಟ್ಟಿನುಂಡೆಯಿಲ್ಲ, ಬಲೆಯಂತೂ ಇಲ್ಲವೇ ಇಲ್ಲ. ಸಣ್ಣ ಕೊಕ್ಕೆಗೆ ಗರಿ, ಉಣ್ಣೆ, ದಾರ ಸುತ್ತಿ ನೊಣದ ವೇಷ ತೊಡಿಸಿ, ಬಳುಕುವ ಉದ್ದನೆಯ ಕೋಲಿನಿಂದ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ನಿಜವಾದ ನೊಣವೇ ಬಂದು ಕುಳಿತಿತೋ ಎಂಬಂತೆ ನೀರಿನ ಮೇಲೆ ಮೆತ್ತಗೆ ಇಳಿಸುವುದು. ಅವನು ಅದನ್ನು ಫ್ಲೈ ಎನ್ನುತ್ತಾನೆ. ಸೇವಾವಧಿಯುದ್ದಕ್ಕೂ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿದ ನಾನು ಅದಕ್ಕೆ ಹುಸಿನೊಣ ಎಂದು ವಿಧ್ಯುಕ್ತವಾಗಿ ನಾಮಕರಣ ಮಾಡಿದ್ದೇನೆ. ಊರವರು ಮಾತ್ರ ಕೋಳಿಪುಕ್ಕ ಎಂದು ಒಂದೇ ಮಾತಿನಲ್ಲಿ ಎರಡನ್ನೂ ತೀರಿಸಿಬಿಡುತ್ತಾರೆ.

ನಿವೃತ್ತನಾಗಿ ಬಂದ ತಿಪ್ಪೇಸ್ವಾಮಿ ನಮ್ಮೂರಿನ ರೂಢಿಯಂತೆ ಜೀನ್ಸ್ ಹೊಲಿಯುವ ಮಿಷನ್ನುಗಳನ್ನು ಹಾಕಿಕೊಂಡ. ಹಾಗಾಗಿ ಅವನ ಹುಸಿನೊಣಗಳ ಸೊಂಟಕ್ಕೆ ಪ್ಯಾಂಟಿನ ಜೇಬು ಹೊಲಿಯುವ ಕಿತ್ತಳೆ ಬಣ್ಣದ ದಪ್ಪ ದಾರ. ಮೈಗೆ ಡಿ. ಹಿರೇಹಾಳಿನ ಕುರಿಯವರು ಕೊಟ್ಟ ಕರಿಯ ಉಣ್ಣೆ. ರೆಕ್ಕೆಗೆ ನಮ್ಮ ಹುಂಜದ ಕುತ್ತಿಗೆಯ ಹೊಂಬಣ್ಣದ ಗರಿ. ಇಂಥ ನೊಣ ಭೂಲೋಕದಲ್ಲಿ ಎಲ್ಲೂ ಹುಟ್ಟಿರಲಾರದು. ಹಿಮಾಚಲದ ಮೀನು ಕಂಡಿದ್ದರೆ ನಕ್ಕು ಮುಂದೆ ಹೋಗುತ್ತಿತ್ತೇನೋ. ನಮ್ಮ ಹಗರಿ ಹೊಳೆಯ ಮೀನುಗಳಿಗೆ ಅಷ್ಟು ನಾಜೂಕಿಲ್ಲ.

ಗರಿ ತೆಗೆಯುವುದಕ್ಕೆ ಒಂದು ಪದ್ಧತಿಯಿದೆ. ಹೊರಡುವ ಹಿಂದಿನ ದಿನ ಸಂಜೆ ತಿಪ್ಪೇಸ್ವಾಮಿ ನಮ್ಮ ಹಿತ್ತಿಲಿಗೆ ಬರುತ್ತಾನೆ. ನನ್ನ ಮನೆಯಾಕೆ ಹುಂಜವನ್ನು ಹಿಡಿದುಕೊಳ್ಳುತ್ತಾಳೆ, ಅವನು ನೋವಾಗದಂತೆ ಬೇಕಾದಷ್ಟೇ ಗರಿ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ, "ಬೆಳಿಗ್ಗೆ ಬರ್ತೀನ್ರಿ ಮೇಷ್ಟ್ರೇ" ಎನ್ನುತ್ತಾನೆ. ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ಬೇರೆ ಯಾವ ರೀತಿಯಲ್ಲೂ ಕರೆದವನಲ್ಲ. ಗರಿ ಕಿತ್ತರೆ ನಾಳೆ ಪ್ರಯಾಣ, ಪ್ರಯಾಣವೆಂದರೆ ನಾವಿಬ್ಬರು. ಮುಹೂರ್ತದಷ್ಟೇ ಖಚಿತವಾದ ಮಾತಿದು.

ಹಾಗೆ ನಾವು ಸುತ್ತದ ನೀರಿಲ್ಲ. ವೇದಾವತಿಯಲ್ಲಿ, ಅಂದರೆ ಅದೇ ಹಗರಿಯಲ್ಲಿ, ನೀರು ಬಂದ ವರ್ಷ ಭೈರವಾನಿತಿಪ್ಪದ ಅಣೆಕಟ್ಟೆಯ ಕೆಳಗಿನ ಮಡುಗಳು. ಬಾರದ ವರ್ಷ ಯಾವುದಾದರೂ ಕಾಲುವೆ. ನನ್ನ ಅತ್ತೆಮನೆ ಮಡಕಶಿರದ ಕಡೆ, ಅಲ್ಲಿಗೆ ಹೊರಟರೂ ಅವನ ಕೋಲು ಜೊತೆಗೆ ಬರುತ್ತದೆ. ಅಲ್ಲಿಯ ಹೇಮಾವತಿ ಎಂಬ ಊರಿನ ಗುಡಿಗೆ ಕರೆದೊಯ್ದು ನೊಳಂಬರ ಕಾಲದ ಕಂಬಗಳ ಕುಸುರಿಯನ್ನು ವರ್ಣಿಸತೊಡಗಿದರೆ, ಸಿದ್ಧೇಶ್ವರನಿಗೆ ಕೈಮುಗಿದು ಮುಗಿಸುವ ಮೊದಲೇ ಇಲ್ಲಿ ಕೆರೆ ಎಲ್ಲಿದೆ ಎಂದು ಪೂಜಾರಿಯನ್ನು ವಿಚಾರಿಸಿದ ಮಹಾನುಭಾವ ಇವನು. ನಾನು ಮೀನು ಹಿಡಿಯುವವನಲ್ಲ. ಕೋಲು ಕೈಗೆ ಕೊಟ್ಟ ಒಂದೇ ಸಲಕ್ಕೆ ನನ್ನ ಪಂಚೆಯನ್ನೇ ಹಿಡಿದಿದ್ದೆ. ನನ್ನ ಪಾಲಿನ ಕೆಲಸ ಬುತ್ತಿ ಹೊರುವುದು, ಅಂದರೆ ನಾವು ಒಗ್ಗರಣೆ ಎನ್ನುವ, ತೆಲುಗಿನವರು ಉಗ್ಗಾಣಿ ಎನ್ನುವ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಜೊತೆಗೆ ಮಾತಾಡುವುದು. ಬೆಳಗಿನಿಂದ ಬುತ್ತಿ ಬಿಚ್ಚುವವರೆಗೆ ನಾನು ಮಾತಾಡುತ್ತೇನೆ, ಅವನು ಹೂಂ ಎನ್ನುತ್ತಾನೆ. ಸಂಜೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾರಾದರೂ ಏನಾಯಿತೆಂದು ಕೇಳಿದರೆ ಅವನು ಹೇಳುವುದು ಎರಡೇ ಬಗೆ: "ಬಿತ್ತು", ಇಲ್ಲವೇ "ಬೀಳ್ಲಿಲ್ಲ". ಉಳಿದದ್ದೆಲ್ಲ ನನಗೆ ಬಿಟ್ಟದ್ದು. ಮೀನು ಅವನದು, ಕಥೆ ನನ್ನದು. ಹೋದ ಸಲ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಬಿದ್ದು ಮಂಡಿ ತರಚಿಕೊಂಡದ್ದನ್ನು ಬಿಟ್ಟರೆ ನಾನು ಅವನಿಗೆ ಯಾವ ತೊಂದರೆಯನ್ನೂ ಕೊಟ್ಟವನಲ್ಲ.

ಇಂತಿಪ್ಪ ನನಗೆ ತಿಳಿಯದಂತೆ ನನ್ನದೇ ಹುಂಜದ ಗರಿ ಹೋಗಿದೆ! ನೊರೆ ಉಗುಳಿ ಮನೆಯಾಕೆಯನ್ನು ಕೇಳಿದೆ.

"ಶನಿವಾರ ಸಾಯಂಕಾಲ ಬಂದಿದ್ರು. ನೀವು ಪಿಂಚಣಿಯವರ ಮೀಟಿಂಗಿಗೆ ಹೋಗಿದ್ರಿ. ಗರಿ ತಗೊಂಡು ಹೋದ್ರು" ಎಂದಳು ಅವಳು, ಸೊಪ್ಪು ಸೋಸುತ್ತಾ. "ಅದಕ್ಯಾಕೆ ಹಿಂಗೆ ಕತ್ತು ಉಬ್ಬಿಸ್ಕೊಂಡು ನಿಂತಿದ್ದೀರಾ? ಬಾಯಿ ತೊಳ್ಕೊಂಡು ಕಾಪಿ ಕುಡೀರಿ."

ಶನಿವಾರ ಗರಿ ಹೋಗಿದೆಯೆಂದರೆ ಭಾನುವಾರ ಅವನು ನೀರಿಗೆ ಹೋಗಿದ್ದಾನೆ, ಒಬ್ಬನೇ. ಉಂಡ ಮನೆಯ ಗಳ ಹಿರಿಯುವವರ ಬಗ್ಗೆ ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆ. ಉಂಡ ಮನೆಯ ಹುಂಜದ ಗರಿ ಹಿರಿಯುವವರೂ ಇರುತ್ತಾರೆಂದು ಆ ಮಕ್ಕಳಿಗೆ ಹೇಳಿರಲಿಲ್ಲ. ಅವತ್ತೆಲ್ಲ ಮನಸ್ಸಿನಲ್ಲೇ ಭಾಷಣಗಳನ್ನು ಸಿದ್ಧಪಡಿಸಿದೆ. ಒಂದು ಭಾಷಣ ಉದಾತ್ತವಾಗಿತ್ತು, ಇನ್ನೊಂದು ವ್ಯಂಗ್ಯದಿಂದ ಕೂಡಿತ್ತು, ಮೂರನೆಯದನ್ನು ಮನೆಯಾಕೆಯ ಮುಂದೆ ಆಡುವಂತಿರಲಿಲ್ಲ. ಬೇಕೆಂದೇ ಅವನ ಮಿಷನ್ನಿನ ಮನೆಯ ಮುಂದೆ ಎರಡೆರಡು ಸಲ ಹಾದುಹೋದೆ, ಎದುರು ಬದಿಯಲ್ಲಿ, ಮುಖ ತಿರುಗಿಸಿಕೊಂಡು. ಸಿಟ್ಟು ಬಂದವನಿಗೆ ಅತ್ಯಂತ ದುಃಖದ ಸಂಗತಿ ಯಾವುದು ಗೊತ್ತೇ? ನಾನು ಮುಖ ತಿರುಗಿಸಿದ್ದನ್ನು ಅವನು ನೋಡಿದನೋ ಇಲ್ಲವೋ ಎಂದು ತಿಳಿಯಬೇಕಾದರೆ ತಿರುಗಿಸಿದ ಮುಖವನ್ನು ಮತ್ತೆ ಆ ಕಡೆಗೇ ತಿರುಗಿಸಬೇಕು.

ಸಂಜೆ ಚಹಾದಂಗಡಿಗೆ ಹೋದೆ. ಅವನಿಲ್ಲದಿದ್ದರೆ ಒಳ್ಳೆಯದು, ಇದ್ದರೆ ಇನ್ನೂ ಒಳ್ಳೆಯದು ಎಂಬ ಸ್ಥಿತಿಯಲ್ಲಿದ್ದೆ. ಇದ್ದ. ಮೂಲೆಯ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿದ್ದ. ಸುತ್ತ ನಗು. ಗುಂಡಿ ಹಾಕುವ ಮಿಷನ್ನಿನ ಓಬಳೇಶ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ:

"ತೋಳುದ್ದ ಕೊರಮೀನು ಕೋಳಿಪುಕ್ಕಕ್ಕ ಬೀಳ್ತೈತೇನ್ರಿ? ಮಿಲ್ಟ್ರಿಯವ್ರು ಮಾರ್ಕೆಟ್ನ್ಯಾಗ ತಗಂಡು ಬಂದಾರ. ಹೆಂಗ ಹಿಡಿದ್ರಿ ಹೇಳ್ರಿ ಅಂದ್ರ 'ಬಿತ್ತು' ಅಂತಾರ, ಅಷ್ಟ!"

ತಿಪ್ಪೇಸ್ವಾಮಿ ತಲೆಯೆತ್ತಿ ಮತ್ತೊಮ್ಮೆ, "ಬಿತ್ರಪ್ಪ" ಎಂದ. ಮತ್ತೆ ನಗು.

ನನಗೆ ಏನಾಯಿತೋ ತಿಳಿಯದು. ಬೆಳಿಗ್ಗೆಯಿಂದ ಕುದಿಯುತ್ತಿದ್ದ ಸಿಟ್ಟು ಒಂದೇ ಏಟಿಗೆ ದಿಕ್ಕು ಬದಲಿಸಿ ಓಬಳೇಶನ ಮೇಲೆ ಎರಗಿತು. ಗಡಿ ಕಾಯ್ದ ಮನುಷ್ಯ ಮಾರ್ಕೆಟ್ಟಿನ ಮೀನು ತಂದು ನಿನ್ನ ಮುಂದೆ ಸುಳ್ಳು ಹೇಳುತ್ತಾನೇನಯ್ಯ ಎಂದು ಶುರುಮಾಡಿದವನು ನಿಲ್ಲಲೇ ಇಲ್ಲ. ಅಣೆಕಟ್ಟೆಯ ಕೆಳಗಿನ ದೊಡ್ಡ ಮಡು, ಮೂಡಣ ದಂಡೆಯ ಜಾಲಿಮರದ ನೆರಳು ನೀರಿಗೆ ಚಾಚುವ ಜಾಗ, ಬಿಸಿಲೇರುವ ಮೊದಲು ಕೊರಮೀನು ಉಸಿರಿಗಾಗಿ ಮೇಲೆ ಬಂದು ಗುಳುಕ್ ಎನ್ನುವ ಹೊತ್ತು. ಆ ಸದ್ದು ಕೇಳಿದ ಮೇಲೆ ತಿಪ್ಪೇಸ್ವಾಮಿ ಬೀಡಿ ಆರಿಸಿ ಸುಮ್ಮನೆ ಕಾಯುವುದು, ಜೊಂಡಿನ ಅಂಚಿಗೆ ಹುಸಿನೊಣವನ್ನು ಇಳಿಸುವುದು, ನೀರು ಬಾಯ್ದೆರೆದಂತೆ ಒಡೆಯುವುದು, ಕೋಲು ಬಿಲ್ಲಾಗುವುದು. ಎಲ್ಲವನ್ನೂ ಕಂಡವನಂತೆ ಹೇಳಿದೆ. ನಕ್ಕವರ ಚಹಾ ಆರಿಹೋಯಿತು. ಓಬಳೇಶ, "ಹಂಗಾರ ನೀವೂ ಹೋಗಿದ್ರೇನ್ರಿ ಸಾರು?" ಎಂದ. "ನಾನು ಇಲ್ಲದೆ ಅವರು ಯಾವಾಗ ಹೋಗಿದ್ದಾರೆ?" ಎಂದು ಕೇಳಿ ಎದ್ದುಬಂದೆ.

ಹಿಂದೆಯೇ ತಿಪ್ಪೇಸ್ವಾಮಿ ಬಂದ. ಮೊದಲು ಮಾತು ತೆಗೆದವನು ಅವನೇ; ನಮ್ಮ ಸ್ನೇಹದ ಇತಿಹಾಸದಲ್ಲಿ ಇದು ಅಪೂರ್ವ ಘಟನೆ.

"ಎಲ್ಲಾ ಹಂಗ ಆತ್ರಿ ಮೇಷ್ಟ್ರೇ, ಜಾಲಿ ನೆಳ್ಳು ಸೈತ" ಎಂದ. "ನೀವು ಬರ್ಲಾರದ ಹೆಂಗ ಗೊತ್ತಾತು?"

"ಅದಿರಲಿ. ನನ್ನನ್ನ ಬಿಟ್ಟು ಯಾಕ ಹೋದ್ರಿ?" ಎಂದೆ. ಮೂರು ಭಾಷಣಗಳಲ್ಲಿ ಉಳಿದದ್ದು ಇಷ್ಟೇ.

ಅವನು ಚಪ್ಪಲಿ ನೋಡಿಕೊಂಡ. "ಹೋದ ಸಲ ಬಂಡೆ ಮ್ಯಾಲೆ ಬಿದ್ರೆಲ್ರಿ. ಇನ್ನ ಮ್ಯಾಲೆ ಕರ್ಕೊಂಡು ಹೋಗಬ್ಯಾಡ್ರಿ ಅಂತ ನಿಮ್ಮನಿ ಅಕ್ಕಾರು ಕೈಮುಗುದು ಹೇಳಿದ್ರು. ನಿಮ್ಗ ಯಾವ ಬಾಯಿಲೆ ಹೇಳ್ಲಿ? ಅದಕ್ಕ ನೀವಿಲ್ದಾಗ ಬಂದು ಗರಿ ತಗಂಡೆ."

"ಅಷ್ಟು ಕಳ್ಳತನ ಮಾಡೋರಿಗೆ ಊರಾಗ ಬ್ಯಾರೆ ಹುಂಜ ಸಿಗಲಿಲ್ವಾ?"

"ಬ್ಯಾರೆ ಗರಿ ಕಟ್ಟಿ ಒಂದಿನಾನೂ ಹೋದೋನಲ್ರಿ ನಾನು" ಎಂದ, ಅದೇ ಸಮಾಧಾನವೆಂಬಂತೆ.

ನಿಜ ಹೇಳುತ್ತೇನೆ, ದ್ರೋಹವೇ ಆಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ದ್ರೋಹಕ್ಕೆ ತಿರುಗಿ ಬಯ್ಯಬಹುದು. ಕನಿಕರಕ್ಕೆ ಏನು ಮಾಡುವುದು? ನನಗೆ ತುಂಬಾ ಬೇಕಾದವರಿಬ್ಬರು ಒಟ್ಟಿಗೆ ಕೂತು, ಇನ್ನು ಇವನ ಕೈಲಾಗದು ಎಂದು ತೀರ್ಮಾನಿಸಿ, ನನಗೆ ಹೇಳುವುದನ್ನು ಮಾತ್ರ ಬಿಟ್ಟಿದ್ದರು. ಮುದಿತನ ಬರುವುದು ಮಂಡಿಯಿಂದ ಅಂತ ನಾನು ತಿಳಿದಿದ್ದೆ. ಅದು ಬರುವುದು ಬೇರೆಯವರ ಪಿಸುಮಾತಿನಿಂದ.

ಮನೆಗೆ ಬಂದು ಕೂಗಾಡಿದೆ. ಮನೆಯಾಕೆ ಹೆದರುವವಳಲ್ಲ.

"ಹೂಂ, ನಾನೇ ಹೇಳಿದ್ದು. ಆವತ್ತು ನಿಮ್ಮನ್ನ ತೋಳು ಹಿಡ್ಕೊಂಡು ಕರ್ಕೊಂಡು ಬಂದ್ರಲ್ಲ, ಬಾಗಿಲಲ್ಲಿ ನೋಡಿ ನನ್ನ ಜೀವ ಹೆಂಗಾಗಿತ್ತು ಅಂತ ಕೇಳಿದ್ರಾ? ಮೀನು ಹಿಡಿಯೋಕೆ ಬರಲ್ಲ, ತಿಂದ್ರೆ ಮುಳ್ಳು ಅಂತೀರಾ. ಅಲ್ಲಿಗೆ ಹೋಗಿ ಮಾಡೋದಾದ್ರೂ ಏನು?"

"ಅವರ ಪಕ್ಕ ಕೂರ್ತೀನಿ" ಎಂದೆ. ಅದೂ ಇಲ್ಲವಾದರೆ ನನಗೆ ಉಳಿಯುವುದು ಪಿಂಚಣಿಯವರ ಮೀಟಿಂಗು ಒಂದೇ.

"ಕೂರೋಕೆ ತಾನೆ? ಹಂಗಾದ್ರೆ ಪ್ಲಾಸ್ಟಿಕ್ ಕುರ್ಚಿ ತಗೊಂಡೋಗಿ ದಂಡೆ ಮೇಲೆ ಹಾಕ್ಕೊಂಡು ಕೂತ್ಕೊಳ್ಳಿ. ಬಂಡೆ ಮೇಲೆ ಕಾಲಿಟ್ರೆ ಮಾತ್ರ ನೋಡಿ" ಎಂದು ಒಳಗೆ ಹೋದಳು.

ಕುರ್ಚಿ! ತಿಪ್ಪೇಸ್ವಾಮಿಯ ಮೊಪೆಡ್ಡಿನ ಹಿಂದೆ ಕುರ್ಚಿ ಕಟ್ಟಿಕೊಂಡು ಶಾಮಿಯಾನದವರ ಹಾಗೆ ಭೈರವಾನಿತಿಪ್ಪಕ್ಕೆ ಹೋಗುವುದೇ? ಪ್ರಾಣ ಹೋದರೂ ಒಪ್ಪಲಾರೆ ಎಂದುಕೊಂಡೆ. ಶನಿವಾರದವರೆಗೆ ಹಾಗೆಯೇ ಅಂದುಕೊಂಡಿದ್ದೆ.

ಶನಿವಾರ ಸಂಜೆ ಹಿತ್ತಿಲಲ್ಲಿ ನಿಂತು ಕಾದೆ. ಯಾರೂ ಬರಲಿಲ್ಲ. ಕೊನೆಗೆ ನಾನೇ ಹುಂಜವನ್ನು ಹಿಡಿದೆ. ಅದು ನನ್ನ ಕೈಯನ್ನು ಎರಡು ಕಡೆ ಕುಕ್ಕಿತು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಬಜಾರಿನ ನಟ್ಟನಡುವೆ, ನನ್ನ ಹಳೆಯ ವಿದ್ಯಾರ್ಥಿಗಳು ಕೈಮುಗಿಯುತ್ತಿರುವಾಗ, ತಿಪ್ಪೇಸ್ವಾಮಿಯ ಮನೆಗೆ ಹೋಗಿ ಕತ್ತರಿಸಿಟ್ಟ ಜೀನ್ಸ್ ಬಟ್ಟೆಯ ರಾಶಿಯ ಮೇಲೆ ಕೂರಿಸಿದೆ. ಮಿಷನ್ನುಗಳೆಲ್ಲ ನಿಂತವು. ತಿಪ್ಪೇಸ್ವಾಮಿ ಎದ್ದುಬಂದು ನೋವಾಗದಂತೆ ಬೇಕಾದಷ್ಟೇ ಗರಿ ಬಿಡಿಸಿ ಜೇಬಿಗೆ ಹಾಕಿಕೊಂಡ.

"ಬೆಳಿಗ್ಗೆ ಬರ್ತೀನ್ರಿ ಮೇಷ್ಟ್ರೇ" ಎಂದ. ನಾನು ಬಾಗಿಲು ದಾಟುವಾಗ ಹಿಂದಿನಿಂದ ಮತ್ತೊಂದು ಮಾತು ಬಂತು: "ಕುರ್ಚಿ ಕಟ್ಟಾಕ ಹಗ್ಗ ನಾ ತರ್ತೀನ್ರಿ."

ಕುರ್ಚಿಯ ವಿಷಯ ನಾನು ಅವನಿಗೆ ಹೇಳಿರಲೇ ಇಲ್ಲ. ಕುತ್ತಿಗೆ ಉಬ್ಬಿಸಿಕೊಂಡು, ಗರಿ ಕಳೆದುಕೊಂಡು, ನಾನೂ ಹುಂಜವೂ ಮನೆಗೆ ಬಂದೆವು.